ಜರ್ಮನಿ ಗಾದಿಲಿಂಗಪ್ಪ

ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಗಾದಿಲಿಂಗಪ್ಪನ ಮನೆ ಎಲ್ಲಿ ಎಂದು ಕೇಳಿದರೆ, "ಯಾವ ಗಾದಿಲಿಂಗಪ್ಪ?" ಎಂಬ ಮರುಪ್ರಶ್ನೆ ಬರುತ್ತದೆ. ಜರ್ಮನಿ ಗಾದಿಲಿಂಗಪ್ಪ ಎಂದರೆ ಕಿರಾಣಿ ಅಂಗಡಿಯವನೂ ಗಲ್ಲೆ ಬಿಟ್ಟು ಎದ್ದು ಬಂದು ಓಣಿ ತೋರಿಸುತ್ತಾನೆ. ಅವನು ಜರ್ಮನಿ ಕಂಡವನಲ್ಲ. ಹೈದರಾಬಾದಿನಾಚೆಗೆ ಒಂದು ಊರನ್ನೂ ನೋಡಿದವನಲ್ಲ. ಯಲಬುರ್ಗಾ ಕಡೆಯ ಎರೆಭೂಮಿಯ ಒಕ್ಕಲು ಮನೆಯಲ್ಲಿ ಹುಟ್ಟಿ, ನಕ್ಷೆ ಬರೆಯುವ ಕೆಲಸ ಕಲಿತು, ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಟ್ರೇಸರ್ ಆಗಿ ಸೇರಿ, ಟ್ರೇಸರ್ ಆಗಿಯೇ ನಿವೃತ್ತನಾದವನು. ಇಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದ ಕಾಲುವೆ, ತೂಬು, ಸೇತುವೆಗಳ ಮೇಲೆ ತೆಳುವಾದ ಹಾಳೆ ಹಾಸಿ, ಗೆರೆಯ ಮೇಲೆ ಗೆರೆ ಎಳೆಯುವುದು ಅವನ ಉದ್ಯೋಗ. ಗೆರೆ ಅವನದು, ಕೆಳಗಿನ ಸಹಿ ಬೇರೆಯವರದು. ಅವನ ಕೈಕೆಳಗೆ ಕೆಲಸ ಕಲಿತವರು ಮೇಲೇರಿ ಅವನಿಗೇ ಮೆಮೊ ಕೊಡುವಂತಾದರು. ಅವನು ಮಾತ್ರ ಅದೇ ಕಿಟಕಿಯ ಪಕ್ಕ, ಅದೇ ಓರೆ ಮೇಜಿನ ಮುಂದೆ ಬಗ್ಗಿ ಕೂತಿರುತ್ತಿದ್ದ.

ಕ್ಯಾಮೆರಾದ ಹುಚ್ಚು ಹಿಡಿದದ್ದು ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ. ನಿವೃತ್ತನಾದ ಇಂಜಿನಿಯರೊಬ್ಬರು ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದರು. ಸಾಮಾನು ಹೊರಲು ಹೋದ ಗಾದಿಲಿಂಗಪ್ಪನಿಗೆ ಗುಜರಿಯ ಗುಡ್ಡೆಯಲ್ಲಿ ಕಪ್ಪು ಚರ್ಮದ ಡಬ್ಬಿಯೊಂದು ಸಿಕ್ಕಿತು. ಗುಂಡಿ ಒತ್ತಿದರೆ ಮುಚ್ಚಳ ತೆರೆದು, ಚರ್ಮದ ಮಡಿಕೆ ಬಿಚ್ಚಿಕೊಂಡು, ಗಾಜಿನ ಕಣ್ಣು ಮುಂದಕ್ಕೆ ಬಂದು ನಿಂತಿತು. ಜೈಸ್ ಐಕಾನ್, ಜರ್ಮನಿಯ ಕ್ಯಾಮೆರಾ. "ಬೇಕಾದ್ರ ತಗೊಂಡು ಹೋಗಪಾ, ಅದಕ್ಕ ರೀಲು ಎಲ್ಲೈತೋ ಏನೋ," ಎಂದರು ಸಾಹೇಬರು. ಅದನ್ನು ಮನೆಗೆ ತಂದು, ಹೆಂಡತಿ ಅನುಸೂಯಾಳ ಮುಂದೆ ಇಡೀ ಸಂಜೆ ಮುಚ್ಚುತ್ತ ತೆಗೆಯುತ್ತ ಕೂತ.

ರೀಲು ಹುಡುಕಿಕೊಂಡು ಹೋದಾಗಲೇ ಹೈದರಸಾಬ ಸಿಕ್ಕಿದ್ದು. ಗಂಗಾವತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಸ್ಟುಡಿಯೋ. ಲಗ್ನ, ಮುಂಜಿ, ಪಾಸ್‌ಪೋರ್ಟ್ ಅಳತೆಯ ಫೋಟೊ, ಜೊತೆಗೆ ಕ್ಯಾಮೆರಾ ರಿಪೇರಿ. ಹೈದರಸಾಬನ ಬಾಯಿಗೆ ಬೀಗ ಇರಲಿಲ್ಲ. ಮದುಮಗನ ಪೇಟ ಸೊಟ್ಟಗಿದ್ದರೆ ಅವನ ಮಾವನೆದುರೇ ಬೈಯುತ್ತಿದ್ದ, ಬಿರಿಯಾನಿಗೆ ಉಪ್ಪು ಕಡಿಮೆಯಾದರೆ ಮೈಕಿನಲ್ಲೇ ಹೇಳುತ್ತಿದ್ದ. ಗಾದಿಲಿಂಗಪ್ಪ ಮುಂದಿಟ್ಟ ಕ್ಯಾಮೆರಾವನ್ನು ಬೆಳಕಿಗೆ ಹಿಡಿದು ನೋಡಿದವನೇ ಕೇಳಿದ:

"ಇದನ್ನ ಯಾವ ಕೈಲೆ ಮುಟ್ಟೀರಿ? ರೊಟ್ಟಿ ಪಲ್ಯಾ ತಿಂದ ಕೈಲೇನು?"

"ಇಲ್ರಿ, ತೊಳಕೊಂಡಿದ್ದೆ."

"ಹಂಗಾರ ಗಾಜಿನ ಮ್ಯಾಲ ಈ ಎಣ್ಣಿ ನಮ್ಮಜ್ಜ ಹಚ್ಚ್ಯಾನೇನು?"

ಗಾದಿಲಿಂಗಪ್ಪನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅಂದು ಶುರುವಾದ ಗೆಳೆತನ ಬಹುಬೇಗ ಏಕವಚನಕ್ಕೆ ಇಳಿಯಿತು. ಭಾನುವಾರ ಬಂದರೆ ಗಾದಿಲಿಂಗಪ್ಪ ಬಸ್ಸು ಹತ್ತಿ ಗಂಗಾವತಿಗೆ ಹೋಗುತ್ತಿದ್ದ. ಅಲ್ಲಿಂದ ಹೈದರಸಾಬನ ಸ್ಕೂಟರಿನಲ್ಲಿ ಇಬ್ಬರೂ ಆನೆಗೊಂದಿಗೆ. ಭತ್ತದ ಗದ್ದೆಯ ಬದುವಿನಲ್ಲಿ, ಬಾಳೆ ತೋಟದ ನೆರಳಿನಲ್ಲಿ, ಗುಂಡುಕಲ್ಲಿನ ಗುಡ್ಡಗಳ ಬುಡದಲ್ಲಿ ಫೋಟೊ ತೆಗೆಯುವುದು. ಬಾಳೆನಾರು ಹೆಣೆಯುವ ಹೆಂಗಸರು, ಹರಿಗೋಲು ದಡಕ್ಕೆ ಎಳೆಯುವವರು, ಬಂಡೆಯ ಮೇಲೆ ಒಣಹಾಕಿದ ಸೀರೆಗಳು. ಮಧ್ಯಾಹ್ನ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ರೀಲು ತೊಳೆಯುವುದು. ಊಟಕ್ಕೆ ಹೈದರಸಾಬನ ಮನೆ. ಅವನ ಹೆಂಡತಿ ಶಾಹಜಾದಬಿ ಗಾದಿಲಿಂಗಪ್ಪನಿಗಾಗಿ ಬೇರೆ ಪಾತ್ರೆಯಲ್ಲಿ ಬದನೆಕಾಯಿ ಮಾಡಿಡುತ್ತಿದ್ದಳು.

ಕ್ಯಾಮೆರಾಗಳು ಒಂದೊಂದಾಗಿ ಬಂದವು. ಹೊಸಪೇಟೆಯ ಗುಜರಿಯಲ್ಲಿ ರೋಲಿಕಾರ್ಡ್, ಒಬ್ಬ ಹಳೆಯ ಓವರ್‌ಸಿಯರನ ಟ್ರಂಕಿನಲ್ಲಿ ಫೋಕ್ಟ್‌ಲೆಂಡರ್, ಹೈದರಾಬಾದಿನ ಹಳೇ ಸಾಮಾನಿನ ಸಂತೆಯಲ್ಲಿ ಎಕ್ಸಾಕ್ಟಾ. ಜಪಾನಿನದು ಸಿಕ್ಕರೆ ಮುಟ್ಟುತ್ತಿರಲಿಲ್ಲ. ಜರ್ಮನಿಯದಾದರೆ ಮುರಿದದ್ದನ್ನೂ ತರುತ್ತಿದ್ದ. ಅನುಸೂಯಾಳ ಸೀರೆಗಳು ಕಪಾಟಿನಿಂದ ಟ್ರಂಕಿಗೆ ಹೋದವು, ಆ ಜಾಗದಲ್ಲಿ ಕ್ಯಾಮೆರಾ ಕೂತವು. ಯಾವುದನ್ನೂ ಬರೀ ಪ್ರದರ್ಶನಕ್ಕೆ ಇಟ್ಟವನಲ್ಲ ಅವನು. ಪ್ರತಿಯೊಂದಕ್ಕೂ ರೀಲು ಹಾಕಿ ಓಡಿಸಬೇಕು. "ಕುದುರಿ ಸಾಕಿ ಹತ್ತಲಿಲ್ಲಂದ್ರ ಹೆಂಗ?" ಎನ್ನುತ್ತಿದ್ದ. ಓಣಿಯವರು ಅವನ ಹೆಸರಿನ ಹಿಂದೆ ಜರ್ಮನಿ ಸೇರಿಸಿದ್ದು ಆಗಲೇ. ಮೊದಲು ಚೇಷ್ಟೆಗೆ ಕರೆದರು, ಆಮೇಲೆ ರೂಢಿಯಾಯಿತು. ಅವನಿಗೆ ಒಳಗೊಳಗೇ ಅದು ಹಿಡಿಸಿತು.

ಜರ್ಮನಿಯ ಕ್ಯಾಮೆರಾಗಳಲ್ಲೇ ದೊಡ್ಡ ಹೆಸರಿನ ಲೈಕಾ ಬಂದದ್ದು ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರು ಕೊನೆಯ ಸಲ ಬಿಟ್ಟುಹೋದ ವರ್ಷ. ಹೊಸಪೇಟೆಯ ಮುದುಕನೊಬ್ಬ, ತನ್ನ ತಂದೆ ಡ್ಯಾಮಿನ ಕಂತ್ರಾಟುದಾರನಾಗಿದ್ದನೆಂದೂ, ಜರ್ಮನಿಯ ಇಂಜಿನಿಯರೊಬ್ಬ ಹೋಗುವಾಗ ನೆನಪಿಗೆ ಕೊಟ್ಟುಹೋದ ಕ್ಯಾಮೆರಾ ತನ್ನ ಬಳಿ ಇದೆಯೆಂದೂ ಹೇಳಿ ಕಳಿಸಿದ್ದ. ಗಾದಿಲಿಂಗಪ್ಪ ಹೋಗಿ ನೋಡಿದ. ಅಂಗೈಯಲ್ಲಿ ಕೂರುವಷ್ಟು ಸಣ್ಣದು, ಕೈಗೆ ಭಾರ, ನೆತ್ತಿಯ ಮೇಲೆ ಬಾಗಿದ ಅಕ್ಷರಗಳಲ್ಲಿ ಲೈಕಾ ಎಂದು ಕೊರೆದಿತ್ತು, ಕೆಳಗೆ ಊರಿನ ಹೆಸರು, ನಂಬರು. ಮನೆಯ ಮಾಳಿಗೆಯ ಮೇಲೆ ಒಂದು ಖೋಲಿ ಕಟ್ಟಿಸಲು ಗಂಡ ಹೆಂಡತಿ ಕೂಡಿಸಿಟ್ಟ ಹಣ ಅಂದೇ ಹೊಸಪೇಟೆಗೆ ಹೋಯಿತು. ಅನುಸೂಯಾಳ ಕಣ್ಣಿಗೆ ಬಿದ್ದದ್ದು ಬೇರೆಯೇ: ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ಗಂಡ ಅಂದು ಹುಡುಗನ ಹಾಗೆ ಮನೆಯೆಲ್ಲ ಓಡಾಡುತ್ತಿದ್ದ.

ಮರುದಿನವೇ ಗಂಗಾವತಿಗೆ ಹೋಗಿ ಹೈದರಸಾಬನ ಮುಂದಿಟ್ಟ.

ಹೈದರಸಾಬ ತಿರುಗಿಸಿ ನೋಡಿದ. ಲೆನ್ಸ್ ಬಿಚ್ಚಿ ಒಳಗೆ ಇಣುಕಿದ. ಮತ್ತೆ ತಿರುಗಿಸಿ ಹಾಕಿದ. ಎಂದೂ ಸುಮ್ಮನಿರದ ಮನುಷ್ಯ ಅಂದು ಎದ್ದು ಹೋಗಿ ಫ್ಯಾನಿನ ಸ್ವಿಚ್ ಹಾಕಿ ಬಂದು ಕೂತ.

"ಏನಂತಿ?" ಎಂದ ಗಾದಿಲಿಂಗಪ್ಪ.

"ಛಲೋ ಐತಿ. ಫೋಟೊ ಭಾಳ ಛಲೋ ಬರ್ತಾವ ಇದರಾಗ."

"ಬರೀ ಛಲೋ ಐತಿ ಅಂದ್ರ? ಲೈಕಾ ಐತಲೇ ಇದು!"

"ಐತಪಾ. ನಿನ್ನ ಕೈಯಾಗ ಐತಲ್ಲ, ಇನ್ನೇನು? ಚಾ ತರಸ್ತೀನಿ, ತಡಿ."

ಫೋಟೊ ನಿಜಕ್ಕೂ ಚೆನ್ನಾಗಿ ಬಂದವು. ಕತ್ತರಿಯಿಂದ ರೀಲಿನ ತುದಿಯನ್ನು ಉದ್ದಕ್ಕೆ ಕತ್ತರಿಸಿ ತಳದಿಂದ ತೂರಿಸುವ ಕಷ್ಟವನ್ನು ಗಾದಿಲಿಂಗಪ್ಪ ಪೂಜೆಯ ಹಾಗೆ ಮಾಡುತ್ತಿದ್ದ. ಆನೆಗೊಂದಿಯ ಹೊಳೆದಂಡೆಯಲ್ಲಿ ತೆಗೆದ ಒಂದು ಚಿತ್ರ, ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ನಡೆಯುತ್ತಿರುವ ಅಂಬಿಗ, ಪತ್ರಿಕೆಯೊಂದರ ಭಾನುವಾರದ ಪುಟದಲ್ಲಿ ಅವನ ಹೆಸರಿನೊಂದಿಗೆ ಅಚ್ಚಾಯಿತು. ಜೀವಮಾನದಲ್ಲಿ ಮೊದಲ ಸಲ ಗೆರೆಯೂ ಅವನದು, ಸಹಿಯೂ ಅವನದು. ಮನೆಗೆ ಬಂದವರಿಗೆಲ್ಲ ಲೈಕಾ ತೋರಿಸುತ್ತಿದ್ದ. ಮುಟ್ಟಲು ಕೊಡುತ್ತಿರಲಿಲ್ಲ. ಹಾಗೆ ಹದಿಮೂರು ವರ್ಷ ಕಳೆದವು.

ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ, ಕೊಪ್ಪಳದ ಒಂದು ಕಾಲೇಜಿನವರು ಹಳೆಯ ಕ್ಯಾಮೆರಾಗಳ ಪ್ರದರ್ಶನ ಏರ್ಪಡಿಸಿ ಗಾದಿಲಿಂಗಪ್ಪನನ್ನು ಅತಿಥಿಯಾಗಿ ಕರೆದರು. ಉದ್ದನೆಯ ಮೇಜಿಗೆ ಕೆಂಪು ಬಟ್ಟೆ ಹಾಸಿ ಅವನ ಸಂಗ್ರಹವನ್ನೆಲ್ಲ ಇಟ್ಟರು, ಲೈಕಾ ನಡುವೆ. ಪಕ್ಕದಲ್ಲಿ ಹೈದರಸಾಬ ಕೂತು, ಹತ್ತಿರ ಬಂದ ಹುಡುಗರಿಗೆ "ಬಗ್ಗಿ ನೋಡ್ರಿ, ಉಗುಳು ಸಿಡಿಸಬ್ಯಾಡ್ರಿ" ಎಂದು ಗದರಿಸುತ್ತಿದ್ದ. ಹುಬ್ಬಳ್ಳಿಯಿಂದ ಬಂದಿದ್ದ ಕವಿತಾ ಎಂಬ ಛಾಯಾಗ್ರಾಹಕಿ ಮೇಜಿನ ಬಳಿ ಬಹಳ ಹೊತ್ತು ನಿಂತಳು. ಅವಳೂ ಹಳೆಯ ಕ್ಯಾಮೆರಾ ಕೂಡಿಸುವವಳು.

"ಸರ್, ಲೆನ್ಸ್ ತಗದು ನೋಡ್ಲೇನ್ರಿ?"

ಯಾರಿಗೂ ಕೊಡದವನು, ಕೇಳಿದ ರೀತಿಗೆ ಮೆಚ್ಚಿ ಕೊಟ್ಟ. ಅವಳು ನೋಡಿದಳು, ಮುಖ ಸಣ್ಣದಾಯಿತು. ಬಗ್ಗಿ ಮೆಲ್ಲಗೆ ಹೇಳಿದಳು:

"ಸರ್, ತಪ್ಪು ತಿಳ್ಕೋಬ್ಯಾಡ್ರಿ. ಇದು ರಷ್ಯಾದ್ದು. ಮ್ಯಾಲಿನ ಹೆಸರು ಆಮ್ಯಾಲ ಕೊರದಾರ. ಒಳಗ ಈ ಕಡ್ಡಿ ತುದಿಗೆ ಜರ್ಮನಿದ್ದಾದ್ರ ದುಂಡನ ಗಾಲಿ ಇರ್ತೈತಿ. ಇದರಾಗ ಚೂಪ ಮೂಲಿ ಐತಿ ನೋಡ್ರಿ. ಭಾಳ ಮಂದಿಗೆ ಹಿಂಗ ಆಗೈತಿ ಸರ್, ನನಗೂ ಒಮ್ಮೆ ಆಗಿತ್ತು."

ಅವಳು ಹೇಳಿದ್ದು ಯಾರಿಗೂ ಕೇಳಿಸಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಕೂಗಿದವನು ಗಾದಿಲಿಂಗಪ್ಪನೇ.

"ರಷ್ಯಾದ್ದು? ನೀ ಹುಟ್ಟೂಕಿಂತ ಮೊದಲ ಕ್ಯಾಮೆರಾ ಹಿಡದಾವ ನಾನು! ಡ್ಯಾಮ್ ಕಟ್ಟಿದ ಜರ್ಮನಿ ಇಂಜಿನಿಯರಂದು ಇದು!" ಸಭಾಂಗಣ ತಿರುಗಿ ನೋಡಿತು. ಹುಡುಗರ ಮೊಬೈಲುಗಳು ಮೇಲೆದ್ದವು. "ಹೈದರ, ಹೇಳಲೇ ಇಕಿಗೆ. ಎಷ್ಟು ಸಲ ಬಿಚ್ಚಿ ತೊಳದೀ ನೀನು. ಹೇಳು!"

ಹೈದರಸಾಬ ತಲೆ ಎತ್ತಲಿಲ್ಲ. ಕೆಂಪು ಬಟ್ಟೆಯ ಅಂಚನ್ನು ಬೆರಳಿನಿಂದ ಮಡಚುತ್ತಿದ್ದ.

"ಹೈದರ?"

"ಮನಿಗೆ ಹೋಗಿ ಮಾತಾಡೂಣು ನಡಿ."

"ನಿನಗ ಗೊತ್ತಿತ್ತೇನು?"

"ನಡಿಯಪಾ, ಮಂದಿ ನೋಡಾಕತ್ತಾರ."

"ಯಾವತ್ತಿಂದ ಗೊತ್ತಿತ್ತು?"

ಹೈದರಸಾಬನಿಗೆ ಸುಳ್ಳು ಹೇಳಲು ಬರಲಿಲ್ಲ. ಅಥವಾ ಇನ್ನೊಂದು ಸಲ ಹೇಳಲು ಮನಸ್ಸಾಗಲಿಲ್ಲ.

"ನೀ ತಂದ ದಿನದಿಂದ," ಎಂದ.

ಗಾದಿಲಿಂಗಪ್ಪ ಒಬ್ಬನೇ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿಕೊಂಡು, ಆಟೋ ಹಿಡಿದು ಮನೆಗೆ ಬಂದ. ಸನ್ಮಾನದ ಶಾಲು ಅಲ್ಲೇ ಕುರ್ಚಿಯ ಮೇಲೆ ಉಳಿಯಿತು.

ಮೋಸಮಾಡಿದ ಹೊಸಪೇಟೆಯ ಮುದುಕ ಸತ್ತು ಎಷ್ಟೋ ಕಾಲವಾಗಿತ್ತು. ಗಾದಿಲಿಂಗಪ್ಪನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಹೈದರಸಾಬನ ಮೇಲೆ. ಇಷ್ಟು ವರ್ಷ ತಾನು ಎದೆಯುಬ್ಬಿಸಿ ಲೈಕಾ ಲೈಕಾ ಎನ್ನುವಾಗ ಪಕ್ಕದಲ್ಲಿ ಕೂತವನು ಒಳಗೇ ನಗುತ್ತಿದ್ದನಲ್ಲ ಎಂಬ ಯೋಚನೆ ಬಂದರೆ ಉಣ್ಣುವ ತಾಟು ಸರಿಸಿ ಎದ್ದುಬಿಡುತ್ತಿದ್ದ. ಒಂದೊಂದೇ ಭಾನುವಾರ ನೆನಪಾಗುತ್ತಿತ್ತು. ಅಂದು ನಕ್ಕದ್ದು ಯಾಕೆ? ಇನ್ನೊಂದು ದಿನ ಹೆಗಲು ತಟ್ಟಿದ್ದು ಯಾಕೆ? ಗೆಳೆಯನ ಹಳೆಯ ಪ್ರೀತಿಯ ಮಾತುಗಳನ್ನೆಲ್ಲ ಹೊರಗೆಳೆದು, ಒಂದೊಂದಕ್ಕೂ ಹೊಸ ಕೆಟ್ಟ ಅರ್ಥ ಹಚ್ಚಿದ.

ಹೈದರಸಾಬ ಎರಡು ಮೂರು ಸಲ ಭಾಗ್ಯನಗರಕ್ಕೆ ಬಂದ. ಗಾದಿಲಿಂಗಪ್ಪ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡ. ಪಡಸಾಲೆಯಲ್ಲಿ ಅನುಸೂಯಾ ನೀರು ಕೊಟ್ಟಳು. ಬಾಗಿಲಾಚೆಗೆ ಕೇಳಲಿ ಎಂದೇ ಹೈದರಸಾಬ ದನಿ ಎತ್ತಿ ಹೇಳಿದ:

"ವೈನೀ, ಅವತ್ತು ಅವನ ಮಾರಿ ನೀವೂ ನೋಡೀರಲ್ಲ. ಹೆಂಗ ಹೇಳ್ಲಿ? ನಾಳೆ ಹೇಳೂಣು ಅಂದೆ. ನಾಳೆ ರೀಲು ತಗೊಂಡು ಬಂದ. ತೊಳದ್ರ ಅಂಥಾ ಫೋಟೊ ಬಂದಾವ! ಇನ್ನ ಹೇಳಿ ಏನು ಮಾಡೂದು ಅಂತ ಬಿಟ್ಟೆ. ಫೋಟೊ ಖರೇ ಇದ್ವಲ್ರಿ. ನಾ ನಕ್ಕಿದ್ರ ನನ್ನ ಮಕ್ಕಳಾಣಿ."

ಒಳಗಿದ್ದವನಿಗೆ ಪ್ರತಿ ಅಕ್ಷರವೂ ಕೇಳಿಸಿತು. ಅವನು ಏಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇಬ್ಬರು ಮುದುಕರ ಮುನಿಸಾಗಿ ಉಳಿಯುತ್ತಿತ್ತು. ಆದರೆ ಕಾಲೇಜಿನ ಹುಡುಗರ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಓಡಿತ್ತು. ನಿವೃತ್ತ ನೌಕರರು ಸೇರುವ ಚಹಾದಂಗಡಿಯಲ್ಲಿ ಒಂದು ಬೆಳಿಗ್ಗೆ ದೊಡ್ಡಬಸಪ್ಪ ಕೆಣಕಿದ. ಅವನು ಹಿಂದೆ ಇದೇ ನೀರಾವರಿ ಕಚೇರಿಯಲ್ಲಿ ಗಾದಿಲಿಂಗಪ್ಪನಿಗೆ ಮೇಲಧಿಕಾರಿಯಾಗಿದ್ದವನು.

"ಏನ್ರಿ ಗಾದಿಲಿಂಗಪ್ಪ, ಇನ್ನಮ್ಯಾಲ ರಷ್ಯಾ ಗಾದಿಲಿಂಗಪ್ಪ ಅನಬೇಕೇನು ನಿಮಗ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಆಗ ಗಾದಿಲಿಂಗಪ್ಪನ ಬಾಯಿಂದ ಬಂದ ಮಾತು ಅವನು ಯೋಚಿಸಿಟ್ಟುಕೊಂಡದ್ದಲ್ಲ.

"ನಂದು ಜರ್ಮನಿದ್ದೇ ಇತ್ರಿ. ರಿಪೇರಿಗೆ ಕೊಟ್ಟಾಗ ಬದ್ಲಿ ಆಗೈತಿ."

ನಗು ನಿಂತಿತು. ದೊಡ್ಡಬಸಪ್ಪ ಮುಂದಕ್ಕೆ ಬಾಗಿದ.

"ಯಾರ ಕಡೆ ಕೊಡ್ತಿದ್ರಿ ರಿಪೇರಿಗೆ?"

ಗಾದಿಲಿಂಗಪ್ಪ ಹೆಸರು ಹೇಳಲಿಲ್ಲ. ಚಹಾ ಗುಟುಕರಿಸಿದ. ಹೇಳುವ ಅಗತ್ಯವೂ ಇರಲಿಲ್ಲ, ಅವನ ಕ್ಯಾಮೆರಾ ಯಾರ ಕೈಗೆ ಹೋಗುತ್ತಿತ್ತೆಂದು ಎಲ್ಲರಿಗೂ ಗೊತ್ತು. "ಹೌದ್ರಿ, ಅವರನ್ನ ನಂಬಿದ್ರ ಹಿಂಗ," ಎಂದ ಒಬ್ಬ. ಅವರು ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಗಾದಿಲಿಂಗಪ್ಪನಿಗೂ ತಿಳಿಯಿತು, ತಿಳಿದೂ ಚಹಾ ಮುಗಿಸಿದ. ಎದ್ದು ಮನೆಗೆ ನಡೆಯುವಾಗ, ನಾಚಿಕೆಯಾಗಬೇಕಾದಲ್ಲಿ ಎದೆ ಹಗುರವಾಗಿತ್ತು. ತನ್ನ ಲೈಕಾ ತನಗೆ ವಾಪಸು ಬಂದಿತ್ತು, ಕಳುವಾದ ಲೈಕಾ. ಕಳೆದುಕೊಂಡವನಿಗೆ ಇರುವ ಮರ್ಯಾದೆ ಮೋಸಹೋದವನಿಗೆ ಇಲ್ಲ.

ಆ ಮಾತಿಗೆ ಕೈಕಾಲು ಬಂದವು. ಕೊಪ್ಪಳದಲ್ಲಿ ಹೇಳಿದ್ದು ಗಂಗಾವತಿಗೆ ಹೋಗುವಷ್ಟರಲ್ಲಿ ಹೈದರಸಾಬ ಲೈಕಾವನ್ನು ಮುಂಬೈಗೆ ಮಾರಿ ಮನೆ ಕಟ್ಟಿಸಿದ್ದ. ಅವನ ಮನೆ ಅಪ್ಪ ಕಟ್ಟಿಸಿದ್ದು, ಮಳೆ ಬಂದರೆ ಸೋರುತ್ತಿತ್ತು. ಎಂದೋ ರಿಪೇರಿಗೆ ಕೊಟ್ಟಿದ್ದವರು ಬಂದು ತಮ್ಮ ಕ್ಯಾಮೆರಾ ಹೊರಳಿಸಿ ನೋಡತೊಡಗಿದರು. ಒಬ್ಬನಂತೂ ತನ್ನ ಅಜ್ಜನ ಕ್ಯಾಮೆರಾದ ಲೆನ್ಸ್ ಬದಲಾಗಿದೆ ಎಂದು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಸ್ಟುಡಿಯೋದ ಮುಂದೆ ಕೂಗಾಡಿದ. ಹೈದರಸಾಬ ಕಪಾಟು, ಡ್ರಾಯರು, ಕತ್ತಲೆ ಕೋಣೆ ಎಲ್ಲ ತೆರೆದು, ಓಣಿಯ ಜನರ ಎದುರು ಒಂದೊಂದೇ ಸಾಮಾನು ಎತ್ತಿ ತೋರಿಸಿದನಂತೆ. ಮಾತಿನಮಲ್ಲ ಅಂದು ಒಂದು ಮಾತೂ ಆಡಲಿಲ್ಲವಂತೆ. ಲಗ್ನದ ಆರ್ಡರು ಕಡಿಮೆಯಾದವು. ಮರುವರ್ಷ ಕೊರೊನಾ ಬಂದು ಇದ್ದದ್ದೂ ನಿಂತಿತು. ಶಾಹಜಾದಬಿ ಆ ಬೇಸಿಗೆಯಲ್ಲೇ ತೀರಿಹೋದಳು.

ಸುದ್ದಿ ತಂದವಳು ಅನುಸೂಯಾ. "ಹೋಗಿ ಬರ್ರಿ," ಎಂದಳು. "ಆಕಿ ಕೈಯಾಗ ಎಷ್ಟು ವರ್ಷ ಉಂಡೀರಿ."

"ಯಾವ ಮಾರಿ ಇಟ್ಕೊಂಡು ಹೋಗ್ಲಿ?"

"ಅದನ್ನ ಚಾದಂಗಡಿ ಒಳಗ ಕುಂತಾಗ ವಿಚಾರ ಮಾಡಬೇಕಾಗಿತ್ತು."

ಅಷ್ಟು ಹೇಳಿ ಒಳಗೆ ಹೋದಳು. ತಾನೊಬ್ಬಳೇ ಹೋಗಿ ಬಂದಳು. ಅಲ್ಲಿಂದೀಚೆ ಅವಳು ಕ್ಯಾಮೆರಾ ಕಪಾಟಿನ ಧೂಳು ಒರೆಸಲಿಲ್ಲ.

ಗಾದಿಲಿಂಗಪ್ಪ ತನಗೆ ತಾನೇ ಹೇಳಿಕೊಳ್ಳುತ್ತಿದ್ದ: ನಾನು ಅವನ ಹೆಸರು ಹೇಳಿಲ್ಲ. ಯಾರ ಮುಂದೆಯೂ ಹೇಳಿಲ್ಲ. ಎಷ್ಟೋ ದಿನ ಈ ಮಾತು ಕೆಲಸ ಮಾಡಿತು. ಒಮ್ಮೊಮ್ಮೆ ನಿಜಕ್ಕೂ ಬದಲಾಗಿರಬಹುದೇ ಎಂದು ಲೈಕಾ ತೆಗೆದು ಹಳೆಯ ಗೀರುಗಳನ್ನು ಹುಡುಕುತ್ತಿದ್ದ. ತಳದ ಮೂಲೆಯಲ್ಲಿ ಮೊದಲ ದಿನವೇ ಅವನು ಕೈತಪ್ಪಿ ಬೀಳಿಸಿ ಆದ ತಗ್ಗು ಹಾಗೇ ಇತ್ತು. ಅದರ ಮೇಲೆ ಬೆರಳಾಡಿಸಿ ಮತ್ತೆ ಒಳಗಿಡುತ್ತಿದ್ದ.

ಸ್ಟುಡಿಯೋ ಮುಚ್ಚಿದ ಸುದ್ದಿ ಬಂದ ಮೇಲೆ ಒಂದು ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ಒಬ್ಬ ಬಟ್ಟೆಯ ಗಂಟೊಂದನ್ನು ಮನೆಗೆ ತಲುಪಿಸಿದ. ಒಳಗೆ ಗಾದಿಲಿಂಗಪ್ಪನ ನೆಗೆಟಿವುಗಳು. ಇಷ್ಟು ವರ್ಷ ಅಲ್ಲಿ ತೊಳೆದ ಪ್ರತಿ ರೀಲು, ಒಂದನ್ನೂ ಬಿಡದೆ, ಕಾಗದದ ಲಕೋಟೆಗಳಲ್ಲಿ. ಅಂಗಡಿ ಖಾಲಿ ಮಾಡುವಾಗ ತನ್ನ ಸಾಮಾನು ಗುಜರಿಗೆ ಹಾಕಿದ ಹೈದರಸಾಬ ಇವುಗಳನ್ನು ಹಾಕಿರಲಿಲ್ಲ. ಗಾದಿಲಿಂಗಪ್ಪ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕರಿ ಬಿಳಿ ತಿರುಗುಮುರುಗಾದ ಬಂಡೆಗಳು, ಹೊಳೆ, ಬಾಳೆ. ಪ್ರತಿ ರೀಲಿನ ಕೊನೆಯಲ್ಲಿ ಉಳಿದ ಒಂದು ಚೌಕದಲ್ಲಿ ಹೈದರಸಾಬ: ಸ್ಕೂಟರಿನ ಮೇಲೆ, ಚಹಾದ ಲೋಟದೊಂದಿಗೆ, ಏನೋ ಬೈಯುತ್ತ ಕೈ ಎತ್ತಿದವನು.

ಬಾಗಿಲಲ್ಲಿ ನಿಂತಿದ್ದ ಅನುಸೂಯಾ ಕೇಳಿದಳು, "ಕಳವು ಮಾಡಿದಾವ ಇಷ್ಟು ಜ್ವಾಪಾನ ಮಾಡಿ ಕಳಸ್ತಾನೇನ್ರಿ?"

ಮರುದಿನ ಗಾದಿಲಿಂಗಪ್ಪ ಕುಷ್ಟಗಿಯ ಬಸ್ಸು ಹತ್ತಿದ. ಹೈದರಸಾಬ ಅಲ್ಲಿ ಮಗಳು ಜರೀನಾಳ ಮನೆಯಲ್ಲಿದ್ದ. ಅಳಿಯನ ಟೈರ್ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗಾದಿಲಿಂಗಪ್ಪನನ್ನು ಕಂಡು ಏಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಇನ್ನೊಂದು ಕುರ್ಚಿಯ ಕಡೆ ಕೈ ತೋರಿಸಿದ.

ಗಾದಿಲಿಂಗಪ್ಪ ಎಲ್ಲ ಹೇಳಿದ. ಚಹಾದಂಗಡಿಯ ಮಾತು, ತನ್ನ ಮೌನ, ಎಲ್ಲ. ಹೇಳುತ್ತ ಹೇಳುತ್ತ ಅತ್ತ. ಹೈದರಸಾಬ ರಸ್ತೆಯ ಮೇಲಿನ ಲಾರಿಗಳನ್ನು ನೋಡುತ್ತ ಕೇಳಿಸಿಕೊಂಡ.

"ನನ್ನ ಮುಂದ ಯಾಕ ಹೇಳ್ತಿ ಇದನ್ನ?" ಎಂದ ಕೊನೆಗೆ. "ನನಗ ಗೊತ್ತಿಲ್ಲದ್ದು ಇದರಾಗ ಏನೈತಿ? ನಾ ಕದ್ದಿಲ್ಲ ಅನ್ನೂದು ನನಗ ಗೊತ್ತಿಲ್ಲೇನು? ಯಾರ ಮುಂದ ಆ ಮಾತು ಹೇಳಿದಿಯಲ್ಲ, ಅವರ ಮುಂದ ಹೋಗಿ ಹೇಳು."

"ಹೇಳ್ತೀನಿ, ಹೈದರ. ಎಲ್ಲಾರ ಮುಂದ ಹೇಳ್ತೀನಿ."

"ಶಾಹಜಾದಬಿ ಹೋಗೂತನಕ ಕೇಳ್ತಿದ್ಲು. ಗಾದಿಲಿಂಗಣ್ಣ ಹಂಗಂದಿರಂಗಿಲ್ಲ, ಮಂದಿ ಹಬ್ಸ್ಯಾರ, ಅಂತಿದ್ಲು. ನಾ ಹೂಂ ಅಂತಿದ್ದೆ."

ಗಾದಿಲಿಂಗಪ್ಪ ಮಾತು ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಚಹಾದಂಗಡಿಗೆ ಹೋಗಿ, ಬೆಂಚು ತುಂಬುವವರೆಗೆ ಕಾದು, ಎದ್ದು ನಿಂತು ಹೇಳಿದ. ಲೈಕಾ ಮೊದಲಿನಿಂದಲೂ ಖೊಟ್ಟಿಯಿತ್ತು, ಹೈದರಸಾಬ ಏನೂ ಬದಲಿಸಿಲ್ಲ, ಸಿಟ್ಟಿಗೆ ನಾನೇ ಸುಳ್ಳು ಹೇಳಿದೆ. ಹೇಳಿ ಕೂತ. ಜನ ಉಗುಳಿದರೂ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ.

ಯಾರೂ ಉಗುಳಲಿಲ್ಲ. ದೊಡ್ಡಬಸಪ್ಪ ಅವನ ಮೊಣಕಾಲ ಮೇಲೆ ಕೈಯಿಟ್ಟ.

"ಗಾದಿಲಿಂಗಪ್ಪಾ, ನಿಮ್ಮ ಮನಸ್ಸು ದೊಡ್ಡದ್ರಿ. ಹೆಂಡ್ತಿ ಸತ್ತಾಳ, ಅಂಗಡಿ ಹೋಗೈತಿ ಅಂತ ಹಳೇ ಗೆಳೆಯನ್ನ ಉಳಸಾಕ ಬಂದೀರಿ. ನಮಗ ತಿಳಿಯಂಗಿಲ್ಲೇನು?"

"ಇಲ್ರಿ, ಖರೇ ಹೇಳಾಕತ್ತೀನಿ."

"ಆತು ಬಿಡ್ರಿ, ಖರೇನ ಅಂತ ಇಟ್ಕೊಳ್ಳೂಣು," ಎಂದು ಇನ್ನೊಬ್ಬ ನಕ್ಕ. "ಲೇ, ಸಾಹೇಬ್ರಿಗೆ ಇನ್ನೊಂದು ಚಾ ಕೊಡಲೇ."

ಗಂಗಾವತಿಗೂ ಹೋದ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಓಣಿಯ ಒಬ್ಬೊಬ್ಬ ಅಂಗಡಿಯವನ ಮುಂದೆ ನಿಂತು ಅದನ್ನೇ ಹೇಳಿದ. ಕೆಲವರು ಯಾರ ವಿಷಯವೆಂದೇ ಮರೆತಿದ್ದರು. ಕೆಲವರು ಅವನನ್ನು ಕನಿಕರದಿಂದ ನೋಡಿದರು. ಲೆನ್ಸ್ ಬದಲಾಗಿದೆ ಎಂದು ಕೂಗಾಡಿದವನ ಮನೆ ಹುಡುಕಿಕೊಂಡು ಹೋದರೆ ಅವನು, "ನಿಮ್ಮದು ಬಿಡ್ರಿ, ನಂದಂತೂ ಬದ್ಲಿ ಆಗಿದ್ದು ಖರೇ," ಎಂದು ಬಾಗಿಲು ಹಾಕಿಕೊಂಡ. ಗಾದಿಲಿಂಗಪ್ಪನಿಗೆ ಸುಳ್ಳು ಹೇಳಲು ಒಂದು ಮಾತು ಸಾಕಾಗಿತ್ತು. ನಿಜ ಹೇಳಲು ಒಂದು ಬೇಸಿಗೆ ಪೂರ್ತಿ ತಿರುಗಿದರೂ ಅದು ಯಾರ ತಲೆಯಲ್ಲೂ ಕೂರಲಿಲ್ಲ. ಊರಲ್ಲಿ ಅವನ ಬಗ್ಗೆ ಗೌರವ ಮಾತ್ರ ಹೆಚ್ಚಾಯಿತು. ಕಳ್ಳನನ್ನೂ ಕ್ಷಮಿಸಿದ ಮನುಷ್ಯ ಎಂದು ಮಾತಾಡಿಕೊಂಡರು. ಆ ಗೌರವವನ್ನು ಅವನು ಎಲ್ಲಿ ಹೋದರೂ ಹೊತ್ತು ತಿರುಗಬೇಕಾಯಿತು.

ಮಳೆಗಾಲದ ಶುರುವಿಗೆ ಮತ್ತೆ ಕುಷ್ಟಗಿಗೆ ಹೋದ. ನಡೆದದ್ದನ್ನು ಹೇಳಿದ. ಹೈದರಸಾಬ "ಹೂಂ" ಎಂದ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಳಗಿನಿಂದ ಚಹಾ ಬಂತು, ಇಬ್ಬರೂ ಕುಡಿದರು. ಆ ಬಾಯಿಂದ ಒಂದು ಬೈಗುಳ ಬಿದ್ದಿದ್ದರೆ ಗಾದಿಲಿಂಗಪ್ಪ ಅದನ್ನೇ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದ. ಕಪ್ಪಿನ ತಳ ಕಾಣುವವರೆಗೆ ಕಾದ. ಹೈದರಸಾಬ ಟೈರಿಗೆ ಗಾಳಿ ತುಂಬುವ ಯಂತ್ರದ ಸದ್ದು ಕೇಳುತ್ತ ಕಣ್ಣು ಮುಚ್ಚಿದ.

ಎದ್ದು ಹೊರಟಾಗ ಜರೀನಾ ಹಿಂದೆಯೇ ಬಂದಳು. ಅಂಗಡಿಯ ಮೂಲೆ ದಾಟಿದ ಮೇಲೆ ಕರೆದಳು.

"ಕಾಕಾ, ಒಂದು ಮಾತು."

ಸಣ್ಣವಳಿದ್ದಾಗ ಅವಳನ್ನು ಲೈಕಾದಲ್ಲಿ ಎಷ್ಟೋ ಸಲ ಹಿಡಿದಿದ್ದ. ಅವಳು ಅವನ ಮುಖ ನೋಡದೆ, ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು:

"ಇನ್ನ ಬರಬ್ಯಾಡ್ರಿ. ಹೋದ ಸಲ ನೀವು ಬಂದು ಹೋದ ಮ್ಯಾಲ ಅಬ್ಬಾ ಎರಡು ದಿನ ಉಣ್ಣಲಿಲ್ಲ. ನಿಮಗ ಹೇಳಿದ್ರ ಹಗುರ ಆಗ್ತೈತಿ. ಅವ್ರಿಗೆ ಹಂಗಾಗಂಗಿಲ್ಲ."

"ಅವ ಹೇಳ್ಯಾನೇನವ್ವಾ, ಬರಬ್ಯಾಡ ಅಂತ?"

"ಅಬ್ಬಾ ಏನೂ ಹೇಳಿಲ್ಲ. ಹೇಳೂದು ಬಿಟ್ಟು ಭಾಳ ದಿನ ಆತು. ನಾ ಹೇಳಾಕತ್ತೀನಿ."

ಗಾದಿಲಿಂಗಪ್ಪ ತಲೆಯಾಡಿಸಿದ. ಬಸ್ ನಿಲ್ದಾಣದವರೆಗೆ ನಡೆದುಕೊಂಡು ಹೋದ. ಕೊಪ್ಪಳದ ಬಸ್ಸು ತುಂಬಿತ್ತು. ಚಹಾದಂಗಡಿಯ ಪರಿಚಯದ ಮಾಸ್ತರನೊಬ್ಬ ಎದ್ದು, "ಕುಂದರ್ರಿ ಸರ," ಎಂದು ಸೀಟು ಬಿಟ್ಟುಕೊಟ್ಟ. ಬೇಡ ಎಂದರೂ ಕೇಳಲಿಲ್ಲ, ತೋಳು ಹಿಡಿದು ಕೂರಿಸಿದ.